ನಾಲ್ಕು ಮುಳ್ಳುಗಳ ನಡುವೆ ಒಬ್ಬ ಅರಸ

ಮೊಬೈಲ್ ಪರದೆಯ ಮೇಲೆ ಒಂದು ಕಾರ್ಡು ಬೀಳುತ್ತದೆ. ಅದರಲ್ಲೊಬ್ಬ ಸೇನಾಪತಿಯೋ ಧರ್ಮಗುರುವೋ ನಿಂತು ಏನನ್ನೋ ಬೇಡುತ್ತಾನೆ. ಅರಸನ ಸ್ಥಾನದಲ್ಲಿರುವ ಆಟಗಾರ ಕಾರ್ಡನ್ನು ಎಡಕ್ಕೆ ಅಥವಾ ಬಲಕ್ಕೆ ಸರಿಸಬೇಕು, ಮೂರನೆಯ ದಾರಿಯಿಲ್ಲ. ಲಂಡನ್ನಿನ ನೆರಿಯಲ್ ಎಂಬ ಪುಟ್ಟ ತಂಡ ರೂಪಿಸಿ, 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ರೇನ್ಸ್’ ಆಟದಲ್ಲಿ ಮಧ್ಯಯುಗದ ರಾಜ್ಯವೊಂದರ ಆಡಳಿತ ನಡೆಯುವುದು ಹೀಗೆ. ಪರದೆಯ ಮೇಲ್ಭಾಗದಲ್ಲಿ ಚರ್ಚು, ಪ್ರಜೆಗಳು, ಸೈನ್ಯ, ಖಜಾನೆ ಎಂಬ ನಾಲ್ಕು ಚಿಹ್ನೆಗಳಿದ್ದು, ಪ್ರತಿ ತೀರ್ಮಾನಕ್ಕೂ ಇವುಗಳ ಮಟ್ಟ ಏರಿಳಿಯುತ್ತದೆ. ಸೈನ್ಯ ಬರಿದಾದರೆ ನೆರೆಯವರು ರಾಜ್ಯವನ್ನು ಕಬಳಿಸುತ್ತಾರೆ, ಇದು ನಿರೀಕ್ಷಿತವೇ. ಆದರೆ ಸೈನ್ಯ ಪೂರ್ತಿ ತುಂಬಿದರೂ ಅರಸನ ಕಥೆ ಮುಗಿಯುತ್ತದೆ, ಏಕೆಂದರೆ ಆಗ ದಂಡನಾಯಕರೇ ಅಧಿಕಾರ ಹಿಡಿಯುತ್ತಾರೆ. ಉಳಿದ ಮೂರಕ್ಕೂ ಇದೇ ನಿಯಮ.

ರಾಜ್ಯವಾಳುವ ಆಟಗಳ ಪರಂಪರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ ಐಬಿಎಂ ಗಣಕಕ್ಕಾಗಿ ಬರೆದ ‘ಸುಮೇರಿಯನ್ ಗೇಮ್’ನಲ್ಲಿ ಮಕ್ಕಳು ಲಗಾಶ್ ನಗರದ ದೊರೆಗಳಾಗಿ ದವಸದ ಲೆಕ್ಕ ನೋಡಿಕೊಳ್ಳುತ್ತಿದ್ದರು. ಅದರ ವಂಶಕ್ಕೆ ಸೇರಿದ ‘ಹಮುರಾಬಿ’ಯಲ್ಲಿ ಆಟ ಶುರುವಾಗುವಾಗ 100 ಜನ, 1000 ಎಕರೆ ನೆಲ, 2800 ಬುಷೆಲ್ ದವಸ ಇರುತ್ತವೆ. ತಲೆಗೆ 20 ಬುಷೆಲ್‌ನಂತೆ ಊಟಕ್ಕೆ 2000, ಎಕರೆಗೆ ಅರ್ಧ ಬುಷೆಲ್‌ನಂತೆ ಬಿತ್ತನೆಗೆ 500 ಹೋದರೆ ಕಣಜದಲ್ಲಿ ಉಳಿಯುವುದು 300. ಅಲ್ಲಿ ದವಸ ಹೆಚ್ಚಾಯಿತೆಂದು ಯಾವ ದೊರೆಯೂ ಪದಚ್ಯುತನಾಗುವುದಿಲ್ಲ, ಕೂಡಿಟ್ಟಷ್ಟೂ ಕ್ಷೇಮ. ‘ರೇನ್ಸ್’ ಈ ಕಣಜದ ತರ್ಕವನ್ನು ಬಿಟ್ಟು ದೇಹದ ತರ್ಕವನ್ನು ಹಿಡಿದಿದೆ. ರಕ್ತದ ಸಕ್ಕರೆ ಕುಸಿದರೂ ಅಪಾಯ, ಏರಿದರೂ ಅಪಾಯ. ಬದುಕಿರುವುದೆಂದರೆ ಎರಡು ಗಡಿಗಳ ನಡುವೆ ಉಳಿದುಕೊಳ್ಳುವುದು.

ಈ ತರ್ಕಕ್ಕೆ ಯಂತ್ರರೂಪ ಕೊಟ್ಟವರು ಬ್ರಿಟನ್ನಿನ ಮನೋವೈದ್ಯ ರಾಸ್ ಆಶ್ಬಿ. 1948ರಲ್ಲಿ ಅವರು ಕಟ್ಟಿದ ಹೋಮಿಯೋಸ್ಟಾಟ್‌ನಲ್ಲಿಯೂ, ಕಾಕತಾಳೀಯವೆಂಬಂತೆ, ನಾಲ್ಕೇ ಘಟಕಗಳಿದ್ದವು. ಪ್ರತಿ ಘಟಕದ ಮೇಲೂ ತೂಗಾಡುವ ಒಂದು ಮುಳ್ಳು; ಒಂದರ ಚಲನೆ ವಿದ್ಯುತ್ ಪ್ರವಾಹವಾಗಿ ಉಳಿದ ಮೂರನ್ನೂ ಎಳೆಯುತ್ತಿತ್ತು. ಯಾವುದಾದರೂ ಮುಳ್ಳು ತನ್ನ ಮಿತಿಯನ್ನು ಮೀರಿದರೆ ಒಳಗಿನ ಸ್ವಿಚ್ಚು ಒಂದು ಮನೆ ಮುಂದಕ್ಕೆ ಜಿಗಿದು ಸಂಪರ್ಕಗಳನ್ನು ಗೊತ್ತುಗುರಿಯಿಲ್ಲದೆ ಬದಲಿಸುತ್ತಿತ್ತು. ನಾಲ್ಕೂ ಮುಳ್ಳುಗಳು ನಡುವಿಗೆ ಬಂದು ನಿಲ್ಲುವವರೆಗೆ ಈ ಹುಡುಕಾಟ ಸಾಗುತ್ತಿತ್ತು.

ಆಟದ ಅರಸನಿಗೆ ಅಂಥ ಸ್ವಿಚ್ಚಿಲ್ಲ. ಅವನು ಎಷ್ಟು ಕಾಲ ಬಾಳಬಹುದು? ಪ್ರತಿ ಕಾರ್ಡಿಗೂ ನಾಣ್ಯ ಚಿಮ್ಮಿ ಉತ್ತರಿಸುವ ಸೋಮಾರಿ ಅರಸನೊಬ್ಬನನ್ನೂ, ಸದ್ಯಕ್ಕೆ ಒಂದೇ ಒಂದು ಮುಳ್ಳನ್ನೂ, ಅಂದರೆ ಒಂದೇ ಚಿಹ್ನೆಯ ಮಟ್ಟವನ್ನೂ, ಊಹಿಸಿಕೊಳ್ಳೋಣ. ನಡುವಿನಿಂದ ಹೊರಟ ಮುಳ್ಳಿಗೆ ಎರಡೂ ಅಂಚುಗಳು ತಲಾ 5 ಹೆಜ್ಜೆ ದೂರದಲ್ಲಿದ್ದು, ಅದು ಪ್ರತಿ ಸಲ ಒಂದು ಹೆಜ್ಜೆ ಮೇಲಕ್ಕೋ ಕೆಳಕ್ಕೋ ಸಮಾನ ಸಂಭವದಿಂದ ಸರಿದರೆ, ಅಂಚನ್ನು ಮುಟ್ಟಲು ಸರಾಸರಿ 25 ಕಾರ್ಡುಗಳು ಬೇಕು. ಕುಡುಕನ ನಡಿಗೆಯೆಂದು ಗಣಿತಜ್ಞರು ಕರೆಯುವ ಈ ಚಲನೆಯಲ್ಲಿ ಸರಾಸರಿ ಕಾಲವು ದೂರದ ವರ್ಗಕ್ಕೆ ಸಮ. ಹೆಜ್ಜೆಯ ಅಳತೆಯನ್ನು ಅರ್ಧಕ್ಕಿಳಿಸಿದರೆ ಅಂಚು 10 ಹೆಜ್ಜೆ ದೂರವಾಗಿ, ಆಯುಸ್ಸು 100 ಕಾರ್ಡುಗಳಿಗೆ, ಅಂದರೆ ನಾಲ್ಕು ಪಟ್ಟಿಗೆ, ಬೆಳೆಯುತ್ತದೆ. ಇಂಥ ನಾಲ್ಕು ಮುಳ್ಳುಗಳು ಏಕಕಾಲಕ್ಕೆ ಅಲೆಯುವಾಗ ಯಾವುದೊಂದು ಅಂಚು ಮುಟ್ಟಿದರೂ ಸಾವು ಖಚಿತವಾದ್ದರಿಂದ ಆಯುಸ್ಸು ಮತ್ತೆ ಕುಗ್ಗುತ್ತದೆ.

ಆಟಗಾರ ನಾಣ್ಯ ಚಿಮ್ಮುವುದಿಲ್ಲವೆಂಬುದು ನಿಜ, ಆದರೆ ಅವನ ಕೈಗೆ ಪೂರ್ಣ ಮಾಹಿತಿಯೂ ಸಿಗುವುದಿಲ್ಲ. ಕಾರ್ಡನ್ನು ತುಸು ವಾಲಿಸಿದಾಗ ಯಾವ ಚಿಹ್ನೆಗಳು ಅಲುಗಲಿವೆ ಎಂಬುದನ್ನು ಚುಕ್ಕಿಗಳು ತೋರಿಸುತ್ತವೆ. ದೊಡ್ಡ ಚುಕ್ಕಿಯೆಂದರೆ ದೊಡ್ಡ ಪರಿಣಾಮ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ. ಈ ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಈ ಅರೆ ಮೌನವೇ. ದಿಕ್ಕನ್ನೂ ತೋರಿಸಿದ್ದರೆ ಕಾರ್ಡಿನ ಮೇಲಿನ ಮಾತನ್ನು ಯಾರೂ ಓದುತ್ತಿರಲಿಲ್ಲ. ಏನನ್ನೂ ತೋರಿಸದಿದ್ದರೆ ಆಟ ಬರೀ ಜೂಜಾಗುತ್ತಿತ್ತು.

ಇತಿಹಾಸದ ಪಾಠವಾಗಿ ಆಟ ತೆಳುವಾಗಿದೆ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್‌ನನ್ನು ರನ್ನಿಮೀಡ್‌ನಲ್ಲಿ ಮಣಿಸಿ, ಅರಸನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಒಪ್ಪಿಸಿದವರು ದಂಗೆಯೆದ್ದ ಸಾಮಂತರು; ಆ ಸಾಮಂತರಿಗೆ ಇಲ್ಲಿ ಪ್ರತ್ಯೇಕ ಚಿಹ್ನೆಯೇ ಇಲ್ಲ.

ಕಥೆ ಹೆಣೆಯುವವರಿಗೆ ಬೇರೆಯದೇ ತೊಡಕಿದೆ. ಎರಡೆರಡು ಆಯ್ಕೆಗಳ 30 ತಿರುವುಗಳನ್ನು ಕೊಂಬೆ ಕೊಂಬೆಯಾಗಿ ಬರೆಯಹೊರಟರೆ 107 ಕೋಟಿಗೂ ಹೆಚ್ಚು ಮುಕ್ತಾಯಗಳು ಬೇಕಾಗುತ್ತವೆ. ಆದ್ದರಿಂದ ಇಲ್ಲಿ ಕಥೆ ಮರವಾಗಿಲ್ಲ, ಕಾರ್ಡುಗಳ ಕಟ್ಟಾಗಿದೆ. ಹಿಂದೆ ನಡೆದ ಕೆಲವು ಘಟನೆಗಳು ಗುರುತುಗಳಾಗಿ ಉಳಿದುಕೊಂಡು, ಅವಕ್ಕೆ ಹೊಂದುವ ಕಾರ್ಡುಗಳಷ್ಟೇ ಮುಂದೆ ಬರಲು ಅರ್ಹವಾಗುತ್ತವೆ. ಬಿಡಿ ಕಾರ್ಡುಗಳ ನಡುವಿನ ಕಾರಣ-ಪರಿಣಾಮದ ಕೊಂಡಿಯನ್ನು ಬಹುಪಾಲು ಆಟಗಾರನ ಮನಸ್ಸೇ ಬೆಸೆದುಕೊಳ್ಳುತ್ತದೆ.

ಅರಸ ಸತ್ತಾಗ ಉತ್ತರಾಧಿಕಾರಿ ಗದ್ದುಗೆಯೇರುತ್ತಾನೆ ಮತ್ತು ನಾಲ್ಕೂ ಮಟ್ಟಗಳು ನಡುವಿಗೆ ಮರಳುತ್ತವೆ. ಆದರೆ ಹಿಂದಿನವನ ಕಾಲದಲ್ಲಿ ತೆರೆದುಕೊಂಡ ಹೊಸ ಕಾರ್ಡುಗಳು ಕಟ್ಟಿನಲ್ಲೇ ಉಳಿಯುತ್ತವೆ. ಮುಳ್ಳು ಮಿತಿ ಮೀರಿದಾಗ ಆಶ್ಬಿಯವರ ಯಂತ್ರದಲ್ಲಿ ಸ್ವಿಚ್ಚು ಜಿಗಿಯುತ್ತಿತ್ತು. ಇಲ್ಲಿ ಆ ಜಾಗದಲ್ಲಿ ಒಂದು ಪಟ್ಟಾಭಿಷೇಕ ನಡೆಯುತ್ತದೆ.