ಪಾಯಿಂಟ್ ಹೊಡೆಯದ ಸೆಂಟರ್‌ಗಾಗಿ ಒಳ್ಳೆ ಶೂಟರ್‌ನ ಬಿಟ್ಟುಕೊಡಬೇಕಾ?

ಪ್ರಶ್ನೆ: ಸರ್, ನಾನು ಮಣಿಪಾಲದಲ್ಲಿ ಓದುತ್ತಿದ್ದೇನೆ. ಬೆಳಿಗ್ಗೆ ಬೇಗ ಎದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರ ಒಂದು ಗುಂಪೇ ನಮ್ಮ ಹಾಸ್ಟೆಲಿನಲ್ಲಿ ಉಂಟು. ನಾವು ಮೆಚ್ಚುವ ತಂಡ ಪಾಯಿಂಟ್ ಏನೋ ಚೆನ್ನಾಗಿ ಹೊಡೆಯುತ್ತದೆ. ಆದರೆ ಎದುರಿನವರು ಸೀದಾ ರಿಂಗ್ ಕೆಳಗೆ ಬಂದು ಲೇಅಪ್ ಹಾಕಿ ಹೋಗುತ್ತಾರೆ. ಟ್ರೇಡ್ ಮಾಡಿ, ಅಂದರೆ ಬೇರೆ ತಂಡದ ಜೊತೆ ಅದಲುಬದಲು ಮಾಡಿ, ರಿಂಗ್ ಕಾಯುವ ಒಬ್ಬ ಉದ್ದದ ಡಿಫೆನ್ಸಿವ್ ಸೆಂಟರ್‌ನ ತರಬೇಕು ಅಂತ ಅರ್ಧ ಜನ. ಪಾಯಿಂಟೇ ಹೊಡೆಯದವನಿಗೆ ಒಳ್ಳೆ ಶೂಟರ್ ಮತ್ತು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸುವ ಹಕ್ಕು) ಕೊಡುವುದು ಹುಚ್ಚು ಅಂತ ಇನ್ನರ್ಧ ಜನ. ನೀವು ಏನು ಹೇಳ್ತೀರಿ?

ಉತ್ತರ: ಫೆಬ್ರವರಿಯ ಟ್ರೇಡ್ ಗಡುವು ಹತ್ತಿರ ಬಂದಾಗಲೆಲ್ಲ ಬರುವ ಪ್ರಶ್ನೆ ಇದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತರಬಹುದು. ಡ್ರಾಫ್ಟ್ ಪಿಕ್ ಕೊಟ್ಟಾದರೂ ತರಬಹುದು. ಆದರೆ ಹೊರಗಡೆ ನಿಂತು ಎದುರಿನ ಗಾರ್ಡ್‌ನ (ಬಾಲ್ ಹಿಡಿದು ಆಟ ನಡೆಸುವವನ) ಕಾಡಿಸುವ ಹುಡುಗ ನಿಮ್ಮಲ್ಲಿದ್ದರೆ ಅವನನ್ನು ಮಾತ್ರ ಕೊಡಬಾರದು. ಅವನನ್ನು ಕೊಟ್ಟು ಸೆಂಟರ್‌ನ ತಂದರೆ ತಂದ ಪ್ರಯೋಜನವೇ ಇಲ್ಲ. ಶೂಟರ್ ವಿಷಯ ಸ್ವಲ್ಪ ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ.

"ಪಾಯಿಂಟೇ ಹೊಡೆಯದವನು" ಅನ್ನುವ ದೂರಿನಿಂದ ಶುರು ಮಾಡೋಣ. ಎನ್‌ಬಿಎಯಲ್ಲಿ ರಿಂಗ್ ಪಕ್ಕದಿಂದ ಹಾಕಿದ ಬಾಲ್ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಸಲ ಒಳಗೆ ಬೀಳುತ್ತದೆ. ಅಂದರೆ ಪ್ರತಿ ಹೊಡೆತಕ್ಕೆ ಸರಾಸರಿ 1.3 ಪಾಯಿಂಟ್. ಅದೇ ಆಟಗಾರ 15 ಅಡಿ ದೂರದಲ್ಲಿ ನಿಂತು ಹೊಡೆದರೆ ಹತ್ತರಲ್ಲಿ ಸುಮಾರು ನಾಲ್ಕು ಬೀಳುತ್ತದೆ. ಸರಾಸರಿ 0.8. ವ್ಯತ್ಯಾಸ ಅರ್ಧ ಪಾಯಿಂಟ್. ನಮ್ಮ ಸೆಂಟರ್ ಒಂದು ಪಂದ್ಯದಲ್ಲಿ ಹತ್ತು ಸಲ ಎದುರಿನವನನ್ನು ಲೇಅಪ್ ಬಿಡಿಸಿ ದೂರದಿಂದ ಹೊಡೆಯುವ ಹಾಗೆ ಮಾಡಿದರೆ ಐದು ಪಾಯಿಂಟ್ ಉಳಿಯಿತು. ಐದು ಪಾಯಿಂಟಿಗಿಂತ ಕಮ್ಮಿ ಅಂತರದಲ್ಲಿ ಮುಗಿಯುವ ಪಂದ್ಯಗಳು ಎಷ್ಟಿವೆ ನೋಡಿ. ಈ ಲೆಕ್ಕ ಅವನ ಹೆಸರಿನ ಮುಂದೆ ಎಲ್ಲೂ ಬರೆಯುವುದಿಲ್ಲ. ಅಲ್ಲಿ ಕಾಣುವುದು ಬ್ಲಾಕ್ (ಎದುರಿನವನು ಹೊಡೆದ ಬಾಲ್ ತಡೆಯುವುದು) ಮತ್ತು ರಿಬೌಂಡ್ (ಒಳಗೆ ಬೀಳದ ಬಾಲ್ ಹಿಡಿಯುವುದು) ಮಾತ್ರ. ಒಳ್ಳೆ ಸೆಂಟರ್ ಪಂದ್ಯಕ್ಕೆ ಎರಡೋ ಮೂರೋ ಬ್ಲಾಕ್ ಮಾಡುತ್ತಾನೆ. ಅವನ ಹೆದರಿಕೆಗೆ ಹೊಡೆಯದೇ ಬಿಟ್ಟ ಬಾಲ್ ಅದಕ್ಕಿಂತ ತುಂಬ ಜಾಸ್ತಿ.

ಸೆಂಟರ್ ರೂಡಿ ಗೊಬೇರ್ ಆಟ ನೋಡುವಾಗ ಬಾಲ್ ಬಿಟ್ಟು ಅವನ ಕಾಲು ನೋಡಿ. ಎದುರಿನ ಗಾರ್ಡ್‌ಗೆ ಮೇಲೆ ಸ್ಕ್ರೀನ್ ಸಿಗುತ್ತದೆ, ಅಂದರೆ ಅವನ ತಂಡದವನೊಬ್ಬ ನಮ್ಮ ಗಾರ್ಡ್‌ಗೆ ಅಡ್ಡ ನಿಲ್ಲುತ್ತಾನೆ. ನಮ್ಮ ಗಾರ್ಡ್ ಸ್ಕ್ರೀನಿಗೆ ಸಿಕ್ಕಿ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ಗೊಬೇರ್ ಮುಂದೆ ಓಡುವುದಿಲ್ಲ. ಫ್ರೀ ಥ್ರೋ ಗೆರೆಯ ಒಳಗೆ, ಮಂಡಿ ಬಗ್ಗಿಸಿ, ಒಂದು ಕೈ ಬಾಲ್ ಕಡೆಗೆ, ಇನ್ನೊಂದು ಕೈ ರಿಂಗಿಗೆ ಓಡುವವನ ಪಾಸ್ ದಾರಿಯಲ್ಲಿ ಇಟ್ಟು ಹಿಂದಕ್ಕೆ ಜಾರುತ್ತಾನೆ. ಬಾಲ್ ಹಿಡಿದವನಿಗೆ ಈಗ ಲೇಅಪ್ಪೂ ಇಲ್ಲ, ಮೇಲಿನ ಪಾಸೂ ಇಲ್ಲ. ಅರ್ಧ ಸೆಕೆಂಡ್ ಯೋಚಿಸುತ್ತಾನೆ. ಅಷ್ಟರಲ್ಲಿ ಹಿಂದೆ ಬಿದ್ದ ಗಾರ್ಡ್ ಬಂದು ಸೇರುತ್ತಾನೆ. ಇದಕ್ಕೆ ಡ್ರಾಪ್ ಅಂತಾರೆ. ಇಲ್ಲಿ ಕೆಲಸ ಇಬ್ಬರದ್ದು. ಸೆಂಟರ್ ಆ ಅರ್ಧ ಸೆಕೆಂಡ್ ಗಳಿಸಿಕೊಡುತ್ತಾನೆ, ಅದನ್ನು ಬಳಸಿಕೊಳ್ಳುವುದು ಗಾರ್ಡ್. ಗಾರ್ಡ್ ಸ್ಕ್ರೀನಿನಲ್ಲೇ ನಿಂತುಬಿಟ್ಟರೆ ಗೊಬೇರ್ ಇದ್ದರೂ ಇಲ್ಲದಿದ್ದರೂ ಒಂದೇ.

ನಮ್ಮ ಹಂಚಿನ ಮನೆಗಳಲ್ಲಿ ಆಟಿ ಮಳೆಗೆ ಚಾವಡಿಯಲ್ಲಿ ನೀರು ಬಿದ್ದರೆ ಹಂಚು ಒಡೆದದ್ದು ಅದರ ನೇರ ಮೇಲೆಯೇ ಆಗಿರಬೇಕೆಂದಿಲ್ಲ. ಎಲ್ಲೋ ಮೇಲೆ ಒಳಗೆ ಬಂದ ನೀರು ಪಕ್ಕಾಸಿನ ಗುಂಟ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ರಿಂಗ್ ಕೆಳಗಿನ ಲೇಅಪ್ ಕೂಡ ಹಾಗೇ. ಹಾಗಾಗಿ ಟ್ರೇಡ್ ಬಗ್ಗೆ ಜಗಳ ಮಾಡುವ ಮೊದಲು ಒಂದು ಪಂದ್ಯ ಕೂತು ನೋಡಿ. ಪ್ರತಿ ಲೇಅಪ್ ಎಲ್ಲಿಂದ ಶುರುವಾಯಿತು ಅಂತ ಕಾಗದದಲ್ಲಿ ಬರೆಯಿರಿ. ಗಾರ್ಡ್ ಮೊದಲ ಹೆಜ್ಜೆಗೇ ಸೋತನಾ? ನಮ್ಮ ಕಡೆ ಬಾಲ್ ಕಳೆದುಕೊಂಡು ಎದುರಿನವರು ಓಡಿಬಂದು ಹಾಕಿದರಾ? ಅಥವಾ ಎಲ್ಲರೂ ಜಾಗದಲ್ಲಿ ಇದ್ದರೂ ಒಳಗೆ ಎತ್ತರ ಸಾಲಲಿಲ್ಲವಾ? ಮೂರನೆಯದು ಜಾಸ್ತಿ ಇದ್ದರೆ ಸೆಂಟರ್‌ನ ತನ್ನಿ. ಎರಡನೆಯದಕ್ಕೆ ಯಾವ ಸೆಂಟರೂ ಔಷಧ ಅಲ್ಲ, ಅವನು ಇನ್ನೂ ಆ ತುದಿಯಿಂದ ಓಡಿಬರುತ್ತಿರುತ್ತಾನೆ. ಮೊದಲನೆಯದು ಅರ್ಧಕ್ಕಿಂತ ಜಾಸ್ತಿ ಇದ್ದರೆ ಗಾರ್ಡ್‌ನ ಬದಲಿಸುವುದೇ ಒಳ್ಳೆಯದು.

ಇನ್ನು ಬೆಲೆ. ಇದಕ್ಕೆ ಹಳೆಯ ಟ್ರೇಡ್‌ಗಳನ್ನೇ ನೋಡಬೇಕು.

2001ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ತಂಡ ಅಟ್ಲಾಂಟದಿಂದ ಡಿಕೆಂಬೆ ಮುಟೊಂಬೊನ ತಂದಿತು. ಆಗ ಆ ತಂಡ ಈಸ್ಟ್ ವಿಭಾಗದಲ್ಲಿ ಮೊದಲ ಸ್ಥಾನದಲ್ಲೇ ಇತ್ತು. ಆಲನ್ ಐವರ್ಸನ್ ಒಬ್ಬನೇ ಪಾಯಿಂಟ್ ಹೊಡೆಯುತ್ತಿದ್ದ, ಉಳಿದವರು ಡಿಫೆನ್ಸ್ ಮಾಡುತ್ತಿದ್ದರು. ಇದ್ದ ಸೆಂಟರ್ ಥಿಯೋ ರಾಟ್ಲಿಫ್ ಬ್ಲಾಕ್ ಮಾಡುವುದರಲ್ಲಿ ಗಟ್ಟಿಗ, ಆದರೆ ಮಣಿಕಟ್ಟಿಗೆ ಪೆಟ್ಟಾಗಿತ್ತು. ಅವನನ್ನೂ ಟೋನಿ ಕುಕೋಚ್‌ನೂ ಇನ್ನಿಬ್ಬರನ್ನೂ ಕೊಟ್ಟರು. ತಂಡ ಫೈನಲ್‌ಗೆ ಹೋಯಿತು. ಮುಟೊಂಬೊಗೆ ಅದೇ ವರ್ಷ ನಾಲ್ಕನೇ ಸಲ ವರ್ಷದ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ಬಂತು. ಫೈನಲ್‌ನಲ್ಲಿ ಲೇಕರ್ಸ್ ತಂಡದ ಸೆಂಟರ್ ಶಕೀಲ್ ಓನೀಲ್‌ನ ತಡೆಯಲು ಅವನಿಂದ ಆಗಲಿಲ್ಲ, ಲೇಕರ್ಸ್ 4-1ರಿಂದ ಗೆದ್ದಿತು. ಓನೀಲ್‌ನ ಆಗ ಯಾರಿಂದಲೂ ತಡೆಯಲು ಆಗುತ್ತಿರಲಿಲ್ಲ ಬಿಡಿ. ಆದ್ದರಿಂದ ಆ ಟ್ರೇಡ್ ತಪ್ಪು ಅಂತ ನಾನು ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟದ ಟ್ರೇಡ್ 2010ರ ಜುಲೈಯದ್ದು. ಡಲ್ಲಾಸ್ ತಂಡ ಷಾರ್ಲೆಟ್‌ನಿಂದ ಟೈಸನ್ ಚಾಂಡ್ಲರ್‌ನ ತಂದಿತು. ಕೊಟ್ಟದ್ದು ಎರಿಕ್ ಡ್ಯಾಂಪಿಯರ್ ಮತ್ತು ಬೆಂಚಿನ ಇಬ್ಬರು. ಅಷ್ಟೇ! ಇಷ್ಟು ಅಗ್ಗಕ್ಕೆ ಸಿಗಲು ಕಾರಣ ಉಂಟು. ಒಂದೂವರೆ ವರ್ಷದ ಹಿಂದೆ ಒಕ್ಲಹೋಮ ಸಿಟಿ ಅವನನ್ನು ಟ್ರೇಡಿನಲ್ಲಿ ಪಡೆದು, ವೈದ್ಯಕೀಯ ಪರೀಕ್ಷೆಯಲ್ಲಿ ಕಾಲಿನ ಹೆಬ್ಬೆರಳು ಸರಿಯಿಲ್ಲ ಅಂತ ವಾಪಸ್ ಕಳಿಸಿತ್ತು. ಡಲ್ಲಾಸ್‌ನಲ್ಲಿ ಅವನು ಪಂದ್ಯಕ್ಕೆ ಸುಮಾರು 10 ಪಾಯಿಂಟ್ ಹೊಡೆದ. ಯಾರೂ ಅವನಿಂದ ಅದಕ್ಕಿಂತ ಜಾಸ್ತಿ ಕೇಳಲೂ ಇಲ್ಲ. ಡಿರ್ಕ್ ನೊವಿಟ್ಸ್ಕಿ, ಜೇಸನ್ ಟೆರ್ರಿ ಹೊಡೆಯಲು ಇದ್ದರು. ಚಾಂಡ್ಲರ್ ರಿಬೌಂಡಿಗೆ ಹಾರಿ, ಬಾಲ್ ಕೈಗೆ ಪೂರ್ತಿ ಸಿಗದಿದ್ದರೆ ಬೆರಳ ತುದಿಯಿಂದ ಹಿಂದಕ್ಕೆ ತಟ್ಟುತ್ತಿದ್ದ. ಅದು ಹೊರಗೆ ನಿಂತ ಗಾರ್ಡ್ ಕೈಗೆ ಹೋಗುತ್ತಿತ್ತು. ತಂಡಕ್ಕೆ ಇನ್ನೊಂದು ಅವಕಾಶ. 2011ರಲ್ಲಿ ಮಯಾಮಿಯನ್ನು 4-2ರಿಂದ ಸೋಲಿಸಿ ಡಲ್ಲಾಸ್ ಚಾಂಪಿಯನ್ ಆಯಿತು. ಅದೇ ವರ್ಷದ ಕೊನೆಗೆ ಚಾಂಡ್ಲರ್‌ನ ನ್ಯೂಯಾರ್ಕ್‌ಗೆ ಹೋಗಲು ಬಿಟ್ಟರು. ಅವನು ಮುಂದಿನ ಸೀಸನ್‌ನಲ್ಲೇ ಶ್ರೇಷ್ಠ ಡಿಫೆಂಡರ್ ಆದ. ಡಲ್ಲಾಸ್ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತದಲ್ಲಿ) ಮತ್ತೊಂದು ಸರಣಿ ಗೆದ್ದದ್ದು 2022ರಲ್ಲಿ. ಎಲ್ಲದಕ್ಕೂ ಅದೊಂದೇ ಕಾರಣ ಅಲ್ಲ. ಆದರೂ ಆ ನಿರ್ಧಾರ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಎಲ್ಲರೂ ಉದಾಹರಣೆ ಕೊಡುವ ಗೊಬೇರ್ ಟ್ರೇಡ್. 2022ರ ಜುಲೈಯಲ್ಲಿ ಮಿನೆಸೋಟ ಯೂಟಾಗೆ ಐದು ಆಟಗಾರರನ್ನು, ನಾಲ್ಕು ಮೊದಲ ಸುತ್ತಿನ ಪಿಕ್‌ಗಳನ್ನು, ಮೇಲಿಂದ ಒಂದು ಪಿಕ್ ಅದಲುಬದಲು ಹಕ್ಕನ್ನು ಕೊಟ್ಟಿತು. ಎಲ್ಲರೂ ಬೈದರು. ಮೊದಲ ಸೀಸನ್‌ನಲ್ಲಿ ತಂಡ 46 ಗೆಲುವಿನಿಂದ 42ಕ್ಕೆ ಇಳಿಯಿತು. ಆಗ ಬೈದವರಿಗೆ ಇನ್ನೂ ಬಲ ಬಂತು. ತಂಡದ ಮುಖ್ಯ ಆಟಗಾರ ಕಾರ್ಲ್-ಆಂಥನಿ ಟೌನ್ಸ್ ಗಾಯದಿಂದ ಆ ಸೀಸನ್‌ನಲ್ಲಿ ಆಡಿದ್ದು 29 ಪಂದ್ಯ ಮಾತ್ರ ಅನ್ನುವುದನ್ನು ಹೆಚ್ಚಿನವರು ಗಮನಿಸಲಿಲ್ಲ. ಮರುವರ್ಷ ಲೀಗಿನಲ್ಲೇ ನಂಬರ್ ಒನ್ ಡಿಫೆನ್ಸ್, 56 ಗೆಲುವು, ಹಾಲಿ ಚಾಂಪಿಯನ್ ಡೆನ್ವರ್‌ನ ಏಳನೇ ಪಂದ್ಯದಲ್ಲಿ ಸೋಲಿಸಿ ವೆಸ್ಟ್ ವಿಭಾಗದ ಫೈನಲ್. ಗೊಬೇರ್‌ಗೆ ನಾಲ್ಕನೇ ಪ್ರಶಸ್ತಿ.

ಆದರೆ ಈ ಟ್ರೇಡ್‌ನಲ್ಲಿ ನಾನು ನೋಡುವುದು ಕೊಟ್ಟವರ ಪಟ್ಟಿಯಲ್ಲ, ಉಳಿಸಿಕೊಂಡವರ ಪಟ್ಟಿ. ಜೇಡನ್ ಮೆಕ್‌ಡ್ಯಾನಿಯಲ್ಸ್‌ನ ಮಿನೆಸೋಟ ಬಿಡಲಿಲ್ಲ. ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿದರೂ ಬಾಲ್ ಹಿಡಿದವನ ಬೆನ್ನು ಬಿಡದ, ಉದ್ದ ಕೈಯ ಹುಡುಗ ಅವನು. ಮೇಲೆ ಹೇಳಿದ ಅರ್ಧ ಸೆಕೆಂಡನ್ನು ಬಳಸಿಕೊಂಡವನು ಅವನೇ. 2023ರ ಫೆಬ್ರವರಿಯಲ್ಲಿ ಮೈಕ್ ಕಾನ್ಲಿ ಮತ್ತು ನಿಕೀಲ್ ಅಲೆಕ್ಸಾಂಡರ್-ವಾಕರ್ ಬಂದರು. ಕಾನ್ಲಿ ಯೂಟಾದಲ್ಲೇ ಗೊಬೇರ್ ಜೊತೆ ಆಡಿದವನು, ಬಾಲ್ ಯಾವ ಎತ್ತರಕ್ಕೆ ಎಸೆಯಬೇಕು ಅಂತ ಗೊತ್ತಿತ್ತು. ಅಲೆಕ್ಸಾಂಡರ್-ವಾಕರ್ ಇನ್ನೊಬ್ಬ ಹೊರಗಿನ ಡಿಫೆಂಡರ್. ಸುತ್ತಲಿನವರು ಸರಿಯಾದ ಮೇಲೆಯೇ ಸೆಂಟರ್‌ನ ಬೆಲೆ ಗೊತ್ತಾದದ್ದು.

ಅದರ ಇನ್ನೊಂದು ಮುಖವೂ ಉಂಟು. ಯೂಟಾಗೆ ಸಿಕ್ಕಿದ ಐವರಲ್ಲಿ ವಾಕರ್ ಕೆಸ್ಲರ್ ಅನ್ನುವ ಹೊಸ ಹುಡುಗನೂ ಇದ್ದ, 22ನೇ ಪಿಕ್. ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ ಎರಡಕ್ಕಿಂತ ಜಾಸ್ತಿ ಬ್ಲಾಕ್ ಮಾಡಿದ. ಗೊಬೇರ್‌ನ ಸಂಬಳ ಆಗ ಸುಮಾರು 38 ಮಿಲಿಯನ್ ಡಾಲರ್, ಇವನದ್ದು ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಗೊಬೇರ್‌ನಷ್ಟು ಒಳ್ಳೆಯವನಲ್ಲ, ನಿಜ. ಆದರೆ ನಿಮ್ಮ ತಂಡ ಇನ್ನೂ ಅರ್ಧ ದಾರಿಯಲ್ಲಿದ್ದರೆ ಇಂಥ ಒಬ್ಬ ಸಾಕು. 2024ರ ಫೆಬ್ರವರಿಯಲ್ಲಿ ಡಲ್ಲಾಸ್ ಒಂದು ಮೊದಲ ಸುತ್ತಿನ ಪಿಕ್ ಮತ್ತು ಒಬ್ಬ ಬೆಂಚಿನ ಸೆಂಟರ್‌ನ ಕೊಟ್ಟು ಡ್ಯಾನಿಯಲ್ ಗ್ಯಾಫರ್ಡ್‌ನ ತಂದಿತು. ಮೊದಲೇ ಇದ್ದ ಹೊಸಬ ಡೆರೆಕ್ ಲೈವ್ಲಿ ಜೊತೆ ಪಾಳಿಯಲ್ಲಿ ಆಡಿಸಿ ಫೈನಲ್‌ಗೆ ಹೋಯಿತು.

ಹೋಗುವಾಗ ದಾರಿಯಲ್ಲಿ ಸೋಲಿಸಿದ್ದು ಮಿನೆಸೋಟವನ್ನೇ. ಎರಡನೇ ಪಂದ್ಯದ ಕೊನೆಯ ಕ್ಷಣ ನಿಮ್ಮ ಹಾಸ್ಟೆಲಿನವರೂ ನೋಡಿರಬಹುದು. ಡಲ್ಲಾಸ್ ಎರಡು ಪಾಯಿಂಟ್ ಹಿಂದೆ ಇತ್ತು. ಡಲ್ಲಾಸ್‌ನ ಲೂಕಾ ಡೊಂಚಿಚ್ ಎದುರು ಸ್ವಿಚ್ ಆಗಿ, ಅಂದರೆ ಕಾಯುವವರು ಅದಲುಬದಲಾಗಿ, ಬಂದದ್ದು ಗೊಬೇರ್. ರಿಂಗಿನಿಂದ 25 ಅಡಿ ದೂರದಲ್ಲಿ, ಒಬ್ಬನೇ. ಡೊಂಚಿಚ್ ಬಾಲ್ ಕುಟ್ಟುತ್ತ ಒಳಗೆ ನುಗ್ಗುವ ಹಾಗೆ ಮಾಡಿ ಹಿಂದಕ್ಕೆ ಹಾರಿ ಮೂರು ಪಾಯಿಂಟಿನ ಹೊಡೆತ ಹೊಡೆದ. 109-108. ಪ್ಲೇಆಫ್‌ನಲ್ಲಿ ಎಲ್ಲ ತಂಡಗಳೂ ಹುಡುಕುವುದು ಇದನ್ನೇ, ದೊಡ್ಡ ಸೆಂಟರ್‌ನ ರಿಂಗ್ ಬಿಟ್ಟು ಹೊರಗೆ ಎಳೆಯುವುದು. ಹಾಗಾಗಿ ಟ್ರೇಡ್ ಮಾಡುವ ಮೊದಲು ಆ ಸೆಂಟರ್‌ನ ಪ್ಲೇಆಫ್ ಪಂದ್ಯಗಳನ್ನು ನೋಡಿ. ಜನವರಿಯ ಪಂದ್ಯಗಳಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ.

ಶೂಟರ್‌ನ ಮಾತಿಗೆ ಬರೋಣ. ಹೊರಗಿಂದ ಹೊಡೆಯಲು ಬಾರದ ಸೆಂಟರ್ ಕೋರ್ಟಿನಲ್ಲಿದ್ದರೆ ಅವನನ್ನು ಕಾಯುವವನು ರಿಂಗ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಆ ಜಾಗ ಬಿಡಿಸಲು ಉಳಿದ ನಾಲ್ವರಲ್ಲಿ ಮೂವರಾದರೂ ಒಳ್ಳೆ ಶೂಟರ್ ಆಗಿರಬೇಕು. ನೀವು ಕೊಡಬೇಕಾದವನು ಆ ಮೂವರಲ್ಲಿ ಒಬ್ಬನಾದರೆ ಬೇಡ, ಇನ್ನೊಂದು ಪಿಕ್ ಸೇರಿಸಿ ಕೊಡಿ. ಬೆಂಚಿನಿಂದ ಬರುವವನಾದರೆ ಕೊಡಿ. 2019ರಲ್ಲಿ ಟೊರಾಂಟೊ ಮಾಡಿದ್ದು ಇನ್ನೂ ಜಾಣತನದ್ದು. ಪಾಯಿಂಟ್ ಹೊಡೆಯುವ ಸೆಂಟರ್ ಜೋನಸ್ ವಲಾನ್ಚುನಾಸ್‌ನ ಕೊಟ್ಟು ಡಿಫೆನ್ಸ್ ಮಾಡುವ ಸೆಂಟರ್ ಮಾರ್ಕ್ ಗಸೋಲ್‌ನ ತಂದರು. ಜೊತೆಗೆ ಇನ್ನಿಬ್ಬರು ಹೋದರು, ಆದರೆ ಮುಖ್ಯ ಶೂಟರ್‌ಗಳು ಎಲ್ಲೂ ಹೋಗಲಿಲ್ಲ. ಅದೇ ವರ್ಷ ಚಾಂಪಿಯನ್.

ಸಂಬಳದ ನಿಯಮ ಒಂದನ್ನು ಮರೆಯಬೇಡಿ. 2023ರ ಹೊಸ ಒಪ್ಪಂದದ ಪ್ರಕಾರ ಎರಡನೇ ಏಪ್ರನ್ ಅನ್ನುವ ಒಟ್ಟು ಸಂಬಳದ ಮಿತಿ ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ. ನಿಮ್ಮ ತಂಡ ಆ ಗೆರೆಯ ಮೇಲಿದ್ದರೆ ಹಾಸ್ಟೆಲಿನ ಅರ್ಧ ಚರ್ಚೆ ಅಲ್ಲೇ ಮುಗಿಯಿತು.

ಕೊನೆಗೆ, ನೀವು ಕಾಲೇಜು ತಂಡದಲ್ಲಿ ಆಡುವವರಾದರೆ ಇದನ್ನೆಲ್ಲ ಹಾಗೇ ನಮ್ಮ ಉಡುಪಿ, ಮಂಗಳೂರಿನ ಸಿಮೆಂಟ್ ಕೋರ್ಟಿಗೆ ತರಬೇಡಿ. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಡಿಫೆಂಡರ್ ರಿಂಗ್ ಮುಂದೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. 2001-02ರಿಂದ ಆ ನಿಯಮ ಉಂಟು. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಡಿಫೆಂಡರ್‌ಗೆ ಅಂಥ ತಡೆ ಇಲ್ಲ. ಉದ್ದದ ಹುಡುಗ ಬೇಕಾದಷ್ಟು ಹೊತ್ತು ಅಲ್ಲೇ ನಿಲ್ಲಬಹುದು. ಹೊರಗಿಂದ ಹೊಡೆಯುವವರೂ ಕಮ್ಮಿ. ಹಾಗಾಗಿ ನಮ್ಮಲ್ಲಿ ಅವನಿಗೆ ಬೆಲೆ ಇನ್ನೂ ಜಾಸ್ತಿ. ಆದರೆ ಇಲ್ಲಿ ಐದು ಫೌಲಿಗೆ ಹೊರಗೆ, ಎನ್‌ಬಿಎ ಥರ ಆರು ಅಲ್ಲ. ಉದ್ದದ ಹುಡುಗರು ಎದುರಿನವನ ಕೈ ಮೇಲೆ ಹೊಡೆದು ಮೊದಲ ಅರ್ಧದಲ್ಲೇ ಮೂರು ಫೌಲ್ ಮಾಡಿಕೊಂಡು ಬೆಂಚಿನಲ್ಲಿ ಕೂರುತ್ತಾರೆ. ಅಂಥವನು ನಿಮ್ಮ ತಂಡಕ್ಕೆ ಸಿಕ್ಕಿದರೆ ಮೊದಲ ತಿಂಗಳು ಬ್ಲಾಕ್ ಹೇಳಿಕೊಡಲು ಹೋಗಬೇಡಿ. ಎರಡೂ ಕೈ ನೇರ ಮೇಲೆತ್ತಿ, ನಿಂತ ಜಾಗದಲ್ಲೇ ಹಾರಿ, ಅದೇ ಜಾಗದಲ್ಲಿ ಇಳಿಯುವುದನ್ನು ಅಭ್ಯಾಸ ಮಾಡಿಸಿ. ಎದುರಿನವನೇ ಬಂದು ಗುದ್ದಿದರೂ ಆಗ ಫೌಲ್ ಇವನ ಮೇಲೆ ಬರುವುದಿಲ್ಲ.