ಒಂದೇ ಮೇಜು, ಮೂರು ಊರಿನ ನಾಲಿಗೆ

ಹೋದ ಬೇಸಿಗೆಯ ಒಂದು ಸಂಜೆ ಹುಬ್ಬಳ್ಳಿಯಲ್ಲಿ ನಾವು ಮೂವರು ಹಳೆಯ ಗೆಳೆಯರು ಸೇರಿದ್ದೆವು. ನಾನು ಧಾರವಾಡದವನು. ಒಬ್ಬ ಗದಗಿನವನು, ಇನ್ನೊಬ್ಬ ಬ್ಯಾಡಗಿಯವನು. ಮೇಜಿನ ಮೇಲೆ ಮಿರ್ಚಿ ಭಜಿ, ಹುರಿದ ಶೇಂಗಾ, ಜೊತೆಗೆ ಮೂರು ಬಗೆಯ ಬಿಯರ್: ಒಂದು ಸಾದಾ ಲಾಗರ್, ಒಂದು ಸ್ಟ್ರಾಂಗ್, ಬೆಂಗಳೂರಿನಿಂದ ತಂದ ಒಂದು ಗೋಧಿ ಬಿಯರ್. ಗದಗಿನವನು ಸ್ಟ್ರಾಂಗ್ ಬಿಟ್ಟು ಬೇರೆ ಮುಟ್ಟಲಿಲ್ಲ. ಬ್ಯಾಡಗಿಯವನು ಲಾಗರ್ ಒಂದು ಗುಟುಕು ಕುಡಿದು, "ಏನ್ಲೇ, ಇಷ್ಟ್ ಕಹಿ ಐತಿ" ಅಂದ. ಆಮೇಲೆ ಗೋಧಿ ಬಿಯರ್ ಮೂಸಿ ನೋಡಿ, "ಇದ್ರಾಗ ಬಾಳಿಹಣ್ಣ ಹಾಕ್ಯಾರೇನು?" ಅಂತ ಕೇಳಿದ. ನನಗೆ ಲಾಗರ್ ಕಹಿ ಅನ್ನಿಸಲೇ ಇಲ್ಲ.

ಯಾರ ನಾಲಿಗೆ ಸರಿ ಅನ್ನೋ ವಾದ ರಾತ್ರಿ ಹತ್ತರವರೆಗೆ ನಡೆಯಿತು. ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಆಮೇಲೆ ಒಂದಷ್ಟು ಓದಿದೆ. ಈಗ ಅನ್ನಿಸುತ್ತಿದೆ, ಮೂವರದ್ದೂ ಸರಿಯೇ ಇತ್ತು.

ಮೊದಲು ಬಾಳೆಹಣ್ಣಿನ ವಿಷಯ. ಅದರಲ್ಲಿ ಯಾರೂ ಬಾಳೆಹಣ್ಣು ಹಾಕಿರಲಿಲ್ಲ. ಆದರೂ ಗೆಳೆಯನ ಮೂಗು ಮೋಸ ಹೋಗಿರಲಿಲ್ಲ. ಗೋಧಿ ಬಿಯರ್‌ಗೆ ಬಳಸುವ ಯೀಸ್ಟ್, ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗಲೇ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನೂ ಮಾಡುತ್ತದೆ. ಮಾಗಿದ ಬಾಳೆಹಣ್ಣಿನಿಂದ ಘಮ್ಮಂತ ಬರುವುದೂ ಇದೇ ವಸ್ತು. ಅದೇ ಯೀಸ್ಟ್ ಲವಂಗದಂಥ ಪರಿಮಳದ ಇನ್ನೊಂದು ವಸ್ತುವನ್ನೂ ಬಿಡುತ್ತದೆ. ಲಾಗರ್‌ನ ಯೀಸ್ಟ್ ಬೇರೆ ಜಾತಿಯದು. ಅದು ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಇಂಥ ಹಣ್ಣಿನ ವಾಸನೆ ಬಹಳ ಕಡಿಮೆ.

ಕಹಿಯ ಕಥೆ ಇನ್ನೂ ದೊಡ್ಡದು. ಬಿಯರ್‌ಗೆ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಹೂವನ್ನು ಕುದಿಸಿದಾಗ ಅದರಲ್ಲಿರುವ ಆಮ್ಲಗಳು ರೂಪ ಬದಲಿಸಿ ನೀರಿಗೆ ಇಳಿಯುತ್ತವೆ, ಆಗ ಕಹಿ ಏರುತ್ತದೆ. ನಮ್ಮ ನಾಲಿಗೆಯಲ್ಲಿ ಕಹಿ ಹಿಡಿಯಲೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿಗೆ ಇಷ್ಟೆಲ್ಲ ಇಲ್ಲ. ಗಿಡಗಳ ವಿಷ ಹೆಚ್ಚಾಗಿ ಕಹಿಯೇ ಆಗಿರುವುದರಿಂದ ದೇಹ ಇಷ್ಟು ಕಾವಲುಗಾರರನ್ನು ಇಟ್ಟುಕೊಂಡಿದೆ. ಈ ಗ್ರಾಹಕಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ಬಾಯೆಲ್ಲಾ ಕಹಿ ಅಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಆ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದು ಅಂತ ಆಮೇಲೆ ತಿಳಿಯಿತು. ಹಾಪ್ಸ್ ಕಹಿಯನ್ನು ಹಿಡಿಯುವ ಗ್ರಾಹಕಗಳು ಬೇರೆ. ಆದರೆ ನನಗೆ ಹತ್ತದ ಕಹಿ ಪಕ್ಕದವನ ಬಾಯಿ ಕಿವುಚಿಸಬಹುದು ಅನ್ನುವುದು ಆ ಪುಡಿಯಿಂದ ಗೊತ್ತಾಯಿತು.

ಹುಟ್ಟಿನದಷ್ಟೇ ಅಲ್ಲ, ರೂಢಿಯೂ ಇದೆ. ನಮ್ಮ ಕಡೆ ರೊಟ್ಟಿ ಜೊತೆ ಹಸಿ ಮೆಂತ್ಯ ತಪ್ಪಲ, ಹಕ್ಕರಕಿ ತಿಂದು ಬೆಳೆದವರಿಗೆ ಎಲೆಯ ಕಹಿ ಹೊಸದಲ್ಲ. ನಮ್ಮ ಮನೆಯಲ್ಲಿ ಅದು ದಿನಾ ಇರುತ್ತಿತ್ತು. ನನಗೆ ಲಾಗರ್ ಸಪ್ಪೆ ಅನ್ನಿಸಿದ್ದಕ್ಕೆ ಆ ಹಕ್ಕರಕಿಯೂ ಕಾರಣ ಇರಬಹುದು ಅಂತ ನನ್ನ ನಂಬಿಕೆ.

ಆ ಸಂಜೆ ಬ್ಯಾಡಗಿಯವನಿಗೆ ಭಜಿಯ ಖಾರ ಹತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಅದರಲ್ಲಿ ಖಾರ ಕಮ್ಮಿ. ಭಜಿಯ ಹಸಿಮೆಣಸಿನಕಾಯಿ ಹಾಗಲ್ಲ. ಅವನು ಗಟಗಟ ಬಿಯರ್ ಕುಡಿದ. ಕುಡಿಯುವಾಗ ಹಾಯೆನಿಸಿತು, ನುಂಗಿದ ಮೇಲೆ ಉರಿ ಇನ್ನೂ ಜಾಸ್ತಿಯಾಯಿತು. ಇದಕ್ಕೂ ಕಾರಣವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಮುಟ್ಟುವುದು ಬಾಯಿಯ ಶಾಖ ಹಿಡಿಯುವ ಗ್ರಾಹಕವನ್ನು. ಆ ಗ್ರಾಹಕ ಸಾಮಾನ್ಯವಾಗಿ ಎಚ್ಚರವಾಗುವುದು 42 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆಲ್ಕೋಹಾಲ್ ತಾಗಿದರೆ ಆ ಮಿತಿ 34ರ ಹತ್ತಿರಕ್ಕೆ ಇಳಿಯುತ್ತದೆ ಅಂತ 2002ರ ಒಂದು ಸಂಶೋಧನೆ ತೋರಿಸಿತು. ನಮ್ಮ ಮೈಯ ಶಾಖವೇ 37. ಅಂದರೆ ಬಾಯಿ ತನ್ನ ಬಿಸಿಗೇ ತಾನು ಉರಿಯತೊಡಗುತ್ತದೆ. ಬಿಯರ್‌ನ ಗ್ಯಾಸ್ ಕೂಡ ಸುಮ್ನೆ ಇರುವುದಿಲ್ಲ. ಅದು ಬಾಯಲ್ಲಿ ಆಮ್ಲವಾಗಿ ಚುಚ್ಚುತ್ತದೆ. ಗುಳ್ಳೆಗಳೇ ಏಳದಂತೆ ಒತ್ತಡದ ಕೋಣೆಯಲ್ಲಿ ಕೂರಿಸಿ ಸೋಡಾ ನೀರು ಕೊಟ್ಟರೂ ಆ ಚುರುಕು ಹಾಗೇ ಇತ್ತು ಅಂತ 2013ರಲ್ಲಿ ಒಂದು ಪ್ರಯೋಗದ ವರದಿ ಬಂತು. ಖಾರಕ್ಕೆ ಮದ್ದು ಹಾಲು, ಮೊಸರು. ಅದರ ಕೇಸೀನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ನನ್ನು ಹಿಡಿದು ಎಳೆದೊಯ್ಯುತ್ತದೆ. ಕೊನೆಗೆ ಅವನಿಗೆ ಮಜ್ಜಿಗೆಯನ್ನೇ ತರಿಸಿದೆವು.

ಗದಗಿನವನ ಸ್ಟ್ರಾಂಗ್‌ಗೆ ಬರೋಣ. ನಮ್ಮ ದೇಶದ ನಿಯಮದಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ, 8ರವರೆಗೆ ಆಲ್ಕೋಹಾಲ್ ಇದ್ದರೆ ಸ್ಟ್ರಾಂಗ್. ಭಾರತದಲ್ಲಿ ಬಿಕರಿಯಾಗುವ ಬಿಯರ್‌ನಲ್ಲಿ ದೊಡ್ಡ ಪಾಲು ಇದೇ. "ಥಂಡ ಇರಬೇಕು, ಕಿಕ್ ಇರಬೇಕು, ಮುಗೀತು" ಅಂತ ಅವನ ವಾದ. ನಾನು ಅವನ ಗ್ಲಾಸಿನಿಂದ ಒಂದಿಷ್ಟು ಬಗ್ಗಿಸಿಕೊಂಡು ಸುಮ್ನೆ ಪಕ್ಕಕ್ಕಿಟ್ಟೆ. ಗ್ಲಾಸಿನ ಹೊರಗೆ ನೀರ ಹನಿ ಮೂಡಿ ಇಳಿದು, ಮೇಜಿನ ಮೇಲೆ ಉಂಗುರ ಬಿತ್ತು. ನೊರೆ ಕುಸಿಯಿತು. ಅರ್ಧ ಗಂಟೆ ಕಳೆದ ಮೇಲೆ ಮೂಸಿದರೆ ಬೇಯಿಸಿದ ಗೋವಿನಜೋಳದ ವಾಸನೆ. ಬಾಯಿಗೆ ಹಾಕಿದರೆ ಮೊದಲು ಅಂಟು ಅಂಟಾದ ಸಿಹಿ, ಹಿಂದೆಯೇ ಗಂಟಲಲ್ಲಿ ಸ್ಪಿರಿಟ್ಟಿನ ಕಾವು. ಅವನಿಗೂ ಕೊಟ್ಟೆ. "ಇದು ನಂದಲ್ಲ ಬಿಡು" ಅಂದ! ಸಿಹಿ, ಕಹಿಯ ಸುದ್ದಿಯನ್ನು ಮುಂದೆ ಕಳಿಸುವ ಒಂದು ಬಾಗಿಲು ನಾಲಿಗೆಯ ಕೋಶಗಳಲ್ಲಿದೆ. 15 ಡಿಗ್ರಿಯಲ್ಲಿ ಅದು ಸರಿಯಾಗಿ ತೆರೆಯುವುದಿಲ್ಲ, 35ರಲ್ಲಿ ಚೆನ್ನಾಗಿ ತೆರೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಜನ ಮಂಜಿನಂಥ ಬಿಯರ್ ಕೇಳುತ್ತಾರೆ. ಅಷ್ಟು ತಂಪಿನಲ್ಲಿ ಅದರ ಅರ್ಧ ರುಚಿ ಬಾಗಿಲ ಹೊರಗೇ ಉಳಿಯುತ್ತದೆ. (ಇದು ರುಚಿಯ ಮಾತು. ಆರೋಗ್ಯದ ಮಾತು ಬಂದರೆ, ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.)

ಇನ್ನು ನೀರು. ಬಿಯರ್‌ನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರೇ. ಗದಗಿನ ಕಡೆ ಬೋರಿನ ಸವಳು ನೀರಲ್ಲಿ ಬ್ಯಾಳಿ ಬೇಯುವುದಿಲ್ಲ ಅಂತ ಹೆಂಗಸರು ಗೊಣಗುವುದನ್ನು ಎಲ್ಲರೂ ಕೇಳಿದ್ದೇವೆ. ಅವಳಿ ನಗರಕ್ಕೆ ಮಲಪ್ರಭೆಯ ನೀರು ಬರುತ್ತದೆ, ಇಲ್ಲಿನ ಚಹಾಕ್ಕೂ ಅಲ್ಲಿನ ಚಹಾಕ್ಕೂ ರುಚಿ ಬೇರೆ. ಯುರೋಪಿನಲ್ಲಿ ಬಿಯರ್‌ನ ಜಾತಿಗಳು ಹುಟ್ಟಿದ್ದೂ ಹೀಗೆಯೇ. ಇಂದಿನ ಜೆಕ್ ದೇಶದ ಪಿಲ್ಸೆನ್ ಊರಿನ ನೀರು ತೀರಾ ಮೆದು. 1842ರಲ್ಲಿ ಯೋಸೆಫ್ ಗ್ರೋಲ್ ಅಲ್ಲಿ ಹೊಂಬಣ್ಣದ ತಿಳಿ ಲಾಗರ್ ಮಾಡಿದ. ಈಗ ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ಬಿಯರ್ ಅದರ ಸಂತಾನ. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಮ್ ಜಾಸ್ತಿ, ಅದು ಹಾಪ್ಸ್‌ನ ಕಹಿಯನ್ನು ಚೂಪು ಮಾಡುತ್ತದೆ. ಡಬ್ಲಿನ್ನಿನ ಗಡಸು ನೀರಿಗೆ ಹೊಂದಿದ್ದು ಕಪ್ಪಗೆ ಹುರಿದ ಧಾನ್ಯದ ಬಿಯರ್, ಹುರಿದ ಧಾನ್ಯದ ಹುಳಿ ಆ ನೀರಿನ ಕ್ಷಾರವನ್ನು ತಗ್ಗಿಸುತ್ತದೆ. ಈಗ ಕಾರ್ಖಾನೆಗಳು ನೀರನ್ನು ಶುದ್ಧ ಮಾಡಿ, ಬೇಕಾದ ಲವಣ ಬೆರೆಸಿಕೊಳ್ಳುತ್ತವೆ.

ಹಾಗಾದರೆ ನಮ್ಮ ನೆಲದ ಬಿಯರ್ ಯಾವುದಾಗಿರುತ್ತಿತ್ತು? ನನಗೆ ಹೊಳೆಯುವುದು ಜೋಳ. ಬಿಯರ್ ಸಾಮಾನ್ಯವಾಗಿ ಆಗುವುದು ಬಾರ್ಲಿ ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. 1988ರಲ್ಲಿ ನೈಜೀರಿಯಾ ಅದರ ಆಮದು ನಿಲ್ಲಿಸಿತು. ಅಲ್ಲಿನ ದೊಡ್ಡ ದೊಡ್ಡ ಕಾರ್ಖಾನೆಗಳು ಜೋಳಕ್ಕೆ ತಿರುಗಬೇಕಾಯಿತು. ತೊಡಕು ಬಂದದ್ದು ಪಿಷ್ಟದಲ್ಲಿ. ಬಾರ್ಲಿಯ ಪಿಷ್ಟಕ್ಕಿಂತ ಜೋಳದ ಪಿಷ್ಟ ಸಡಿಲವಾಗಲು ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳೇ ಸಾಯುತ್ತವೆ. ಅದಕ್ಕೆ ಹೊರಗಿನಿಂದ ಕಿಣ್ವ ಹಾಕಿ ಕೆಲಸ ಸಾಧಿಸಿದರು. ಜೋಳದ ಈ ಹಟ ನಮ್ಮ ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗೋಧಿ ಹಿಟ್ಟಿಗೆ ತಣ್ಣೀರು ಸಾಕು. ಜೋಳದ ಹಿಟ್ಟಿಗೆ ಮಾತ್ರ ಕುದಿಯುವ ಎಸರು ಹಾಕಿಯೇ ನಾದುತ್ತಿದ್ದಳು, ಇಲ್ಲದಿದ್ದರೆ ರೊಟ್ಟಿ ಬಡಿಯುವಾಗ ಹರಿಯುತ್ತದೆ.

ಆಫ್ರಿಕಾದ ಹಳ್ಳಿಗಳಲ್ಲಿ ಕಾರ್ಖಾನೆ ಬರುವ ಮೊದಲಿಂದಲೂ ಜೋಳದ ಬಿಯರ್ ಇದೆ. ದಕ್ಷಿಣ ಆಫ್ರಿಕಾದಲ್ಲಿ ಅದರ ಹೆಸರು ಉಂಕೊಂಬೋತಿ. ಅದಕ್ಕೆ ಹಾಪ್ಸ್ ಹಾಕುವುದಿಲ್ಲ, ಕಹಿಯೂ ಇಲ್ಲ. ಮಂದವಾಗಿ, ಮಸುಕಾಗಿ, ಹುಳಿಯಾಗಿ ಇರುತ್ತದೆ, ಹುದುಗುತ್ತಿರುವಾಗಲೇ ಕುಡಿಯುತ್ತಾರೆ. ಆ ಹುಳಿ ಕೊಡುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ರಾತ್ರಿ ನೆನೆಸಿಟ್ಟ ಜೋಳದ ಅಂಬಲಿ ಬೆಳಿಗ್ಗೆ ಹುಳಿಯಾಗುವುದೂ ಅದೇ ಬಳಗದಿಂದ. ನಾನು ಉಂಕೊಂಬೋತಿ ಕುಡಿದಿಲ್ಲ. ಆದರೆ ಅದರ ವಿವರ ಓದುವಾಗ ಧಾರವಾಡದ ನಮ್ಮ ಹಳೆಯ ಅಡುಗೆಮನೆಯ ಮೂಲೆ, ಅಲ್ಲಿ ಬಟ್ಟೆ ಕಟ್ಟಿಟ್ಟ ಅಂಬಲಿ ಗಡಿಗೆಯ ಹುಳಿ ವಾಸನೆ ಮೂಗಿಗೆ ಬಂತು.