ಮೀಟರಿನ ಮುಳ್ಳು ಕೊನೆ ಮುಟ್ಟುತ್ತದೆ, ಆದರೂ ಚಾನೆಲ್ ಬರುವುದಿಲ್ಲ: ಯಾಕೆ?

ಪ್ರಶ್ನೆ: ಡಿಡಿ ಫ್ರೀ ಡಿಶ್‌ಗಾಗಿ ತಾರಸಿ ಮೇಲೆ 60 ಸೆಂ.ಮೀ. ಡಿಶ್ ಕೂರಿಸಿದ್ದೇನೆ. ಸ್ಯಾಟಲೈಟ್ ಫೈಂಡರ್ ಜೋಡಿಸಿ ತಿರುಗಿಸಿದರೆ ಮುಳ್ಳು 10ರವರೆಗೂ ಹೋಗುತ್ತದೆ, ಸದ್ದೂ ಜೋರಾಗಿ ಬರುತ್ತದೆ. ಟಿವಿಯಲ್ಲಿ ಮಾತ್ರ ‘ನೋ ಸಿಗ್ನಲ್’. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ಹೇಳುತ್ತಿರುವುದು ನೀವು ಅಂದುಕೊಂಡಿದ್ದನ್ನಲ್ಲ, ಅಷ್ಟೇ. ಮುಳ್ಳಿನ ಫೈಂಡರ್ ಅಳೆಯುವುದು ಎಲ್‌ಎನ್‌ಬಿಯಿಂದ (ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಕೇಬಲ್ಲಿಗೆ ಇಳಿದು ಬರುವ 950ರಿಂದ 2150 ಮೆಗಾಹರ್ಟ್ಜ್‌ವರೆಗಿನ ಒಟ್ಟು ಶಕ್ತಿಯನ್ನು. ಅದರಲ್ಲಿ ಯಾವ ಉಪಗ್ರಹದ್ದು ಎಷ್ಟು, ಬರೀ ಗದ್ದಲ (ಬೇಡದ ರೇಡಿಯೋ ಶಕ್ತಿ) ಎಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಡಿಶ್ಶನ್ನು ಪಕ್ಕದ ಮನೆಯ ಗೋಡೆಗೋ ತೆಂಗಿನ ಮರಕ್ಕೋ ತಿರುಗಿಸಿ ನೋಡಿ, ಮುಳ್ಳು ಏರುತ್ತದೆ. ಬಿಸಿಯಾದ ಯಾವ ವಸ್ತುವೂ ಮೈಕ್ರೋವೇವ್ ಗದ್ದಲ ಹೊರಸೂಸುತ್ತದೆ. ತೆರೆದ ಆಕಾಶ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಎಲ್‌ಎನ್‌ಬಿ ಮುಂದೆ ಅಂಗೈ ಹಿಡಿದರೂ ಅದೇ ಆಗುತ್ತದೆ. ಹಾಗಾಗಿ ತಿರುಗಿಸುವಾಗ ಡಿಶ್ಶಿನ ಹಿಂದೆ ನಿಂತುಕೊಳ್ಳಿ.

ಫ್ರೀ ಡಿಶ್‌ನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹದಿಂದ. 91.5ರಲ್ಲಿ ಮೀಸ್ಯಾಟ್, 95ರಲ್ಲಿ ಎಸ್‌ಇಎಸ್-8 ಇವೆ. ಎರಡೂ ಭಾರತದ ಕಡೆಗೆ ಕೆಯು ಬ್ಯಾಂಡಿನಲ್ಲಿ (ಮನೆಯ ಸಣ್ಣ ಡಿಶ್ ಹಿಡಿಯುವ ತರಂಗಗಳ ಪಟ್ಟಿ) ಪ್ರಸಾರ ಮಾಡುತ್ತವೆ. 60 ಸೆಂ.ಮೀ. ಡಿಶ್ಶಿನ ನೋಟದ ಅಗಲವೇ ಸುಮಾರು 3 ಡಿಗ್ರಿ. ಹಾಗಾಗಿ ಮೂರೂ ಉಪಗ್ರಹಗಳು ಮುಳ್ಳಿಗೆ ಒಂದೇ ಅಗಲವಾದ ದಿಬ್ಬದಂತೆ ಕಾಣುತ್ತವೆ. ದಿಬ್ಬದ ತುದಿ ಜಿಸ್ಯಾಟ್-15ರ ಮೇಲೆಯೇ ಬೀಳಬೇಕೆಂಬ ನಿಯಮವಿಲ್ಲ.

ಹಾಗಂತ ಮುಳ್ಳಿನ ಮೀಟರ್ ಬಿಸಾಡಬೇಕಿಲ್ಲ. ಅದನ್ನು ಆಕಾಶದಲ್ಲಿ ಸರಿಯಾದ ಪ್ರದೇಶ ಹುಡುಕಲು ಮಾತ್ರ ಬಳಸಿ. ಅಂತಿಮ ತೀರ್ಪನ್ನು ಸೆಟ್ ಟಾಪ್ ಬಾಕ್ಸಿನ ‘ಕ್ವಾಲಿಟಿ’ ಪಟ್ಟಿಗೋ ಡಿಜಿಟಲ್ ಮೀಟರಿಗೋ ಬಿಡಿ.

ಮೊದಲು ಕಂಬ, ಆಮೇಲೆ ಮೀಟರ್

ಕಂಬ ನೆಟ್ಟಗಿರಬೇಕು. ರಸಮಟ್ಟವನ್ನು ಕಂಬಕ್ಕೆ ಎರಡು ಬದಿಯಲ್ಲಿ, ಒಂದಕ್ಕೊಂದು ಲಂಬವಾಗಿ ಹಿಡಿದು ನೋಡಿ. ಕಂಬ ವಾಲಿದ್ದರೆ ಡಿಶ್ಶನ್ನು ಅಡ್ಡಕ್ಕೆ ತಿರುಗಿಸಿದಾಗಲೆಲ್ಲ ಎತ್ತರದ ಕೋನವೂ ತಾನಾಗಿ ಬದಲಾಗುತ್ತದೆ. ಗಂಟೆಗಟ್ಟಲೆ ತಿರುಗಿಸಿದರೂ ಸಿಗ್ನಲ್ ಸಿಗದಿರಲು ಬಹುಮಟ್ಟಿಗೆ ಇದೇ ಕಾರಣ.

ಜಿಸ್ಯಾಟ್-15ಕ್ಕೆ ಬೆಂಗಳೂರಿನಿಂದ ದಿಕ್ಕು ಉತ್ತರದಿಂದ ಬಲಕ್ಕೆ 128 ಡಿಗ್ರಿ, ನೆಲಮಟ್ಟದಿಂದ ಎತ್ತರದ ಕೋನ 66. ಹುಬ್ಬಳ್ಳಿಯಲ್ಲಿ 129 ಮತ್ತು 62, ಮಂಗಳೂರಿನಲ್ಲಿ 123 ಮತ್ತು 64, ಕಲಬುರಗಿಯಲ್ಲಿ 135 ಮತ್ತು 62. ಅಂದರೆ ಕಲಬುರಗಿಯವರಿಗೆ ಸರಿಯಾಗಿ ಆಗ್ನೇಯ, ಉಳಿದವರಿಗೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ. ಕಬ್ಬಿಣದ ಕಂಬ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ದಿಕ್ಸೂಚಿಯನ್ನು ಎಳೆಯುತ್ತವೆ. ಎರಡು ಮೂರು ಮೀಟರ್ ದೂರ ನಿಂತು ದಿಕ್ಕು ನೋಡಿ, ಎದುರಿಗೆ ಕಾಣುವ ಒಂದು ಗುರುತು ಹಿಡಿದುಕೊಳ್ಳಿ. ಕರ್ನಾಟಕದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ, ಆ ಲೆಕ್ಕ ಸದ್ಯಕ್ಕೆ ಬೇಡ. ಡಿಶ್ಶಿನ ಮುಖ 66 ಡಿಗ್ರಿ ಮೇಲಕ್ಕೆ ನೋಡುವಂತೆ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಇವು ಆಫ್‌ಸೆಟ್ ಡಿಶ್‌ಗಳು, ಮುಖ ಉಪಗ್ರಹದ ದಿಕ್ಕಿಗಿಂತ ಸುಮಾರು 25 ಡಿಗ್ರಿ ಕೆಳಗೆ ನೋಡುತ್ತಿರುತ್ತದೆ. ಬ್ರ್ಯಾಕೆಟ್ಟಿನ ಮೇಲೆ ಕೊರೆದ ಅಂಕಿಗಳಲ್ಲಿ ಆ ಲೆಕ್ಕ ಸೇರಿಯೇ ಇರುತ್ತದೆ.

ಮುಳ್ಳಿನ ಮೀಟರ್ ಬಳಸುವುದು

ಅದಕ್ಕೆ ಎರಡು ಬಾಯಿ. ‘ಟು ಎಲ್‌ಎನ್‌ಬಿ’ ಎಂದಿರುವುದು ಡಿಶ್ಶಿನ ಕಡೆಗೆ, ‘ಟು ರಿಸೀವರ್’ ಬಾಕ್ಸಿನ ಕಡೆಗೆ. ಅದಲುಬದಲಾದರೆ ಮುಳ್ಳು ಸರಿಯಾಗಿ ಆಡುವುದಿಲ್ಲ. ಮೀಟರಿಗೂ ಎಲ್‌ಎನ್‌ಬಿಗೂ ವಿದ್ಯುತ್ ಬರುವುದು ಬಾಕ್ಸಿನಿಂದಲೇ. ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿದ್ದರೆ ಏನೂ ನಡೆಯದು. ಕನೆಕ್ಟರ್ ಹಾಕುವಾಗ ಮಧ್ಯದ ತಾಮ್ರದ ತಂತಿ ಕನೆಕ್ಟರಿನ ಅಂಚಿನಿಂದ ಒಂದೆರಡು ಮಿ.ಮೀ.ಗಿಂತ ಹೆಚ್ಚು ಹೊರಚಾಚಬಾರದು, ಅದರ ಸುತ್ತಲಿನ ತಂತಿ ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಬಾರದು. ತಾಗಿದರೆ ಶಾರ್ಟ್. ಕನೆಕ್ಟರ್ ಬಿಚ್ಚಿ ಹಾಕುವಾಗಲೆಲ್ಲ ಬಾಕ್ಸಿನ ಪ್ಲಗ್ ತೆಗೆಯಿರಿ.

ಡಿಶ್ಶನ್ನು ಖಾಲಿ ಆಕಾಶಕ್ಕೆ ತಿರುಗಿಸಿ, ಮುಳ್ಳು 3ರ ಹತ್ತಿರ ನಿಲ್ಲುವವರೆಗೆ ಮೀಟರಿನ ಗುಂಡಿ ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಗುಂಡಿಯನ್ನು ಪೂರ್ತಿ ಏರಿಸಿಬಿಡುತ್ತಾರೆ. ಆಗ ಮುಳ್ಳು 10ಕ್ಕೆ ಅಂಟಿಕೊಳ್ಳುತ್ತದೆ, ಏರಿಳಿತ ಕಾಣುವುದಿಲ್ಲ. ನಿಮ್ಮ ಮುಳ್ಳೂ ಹೀಗೇ ಅಂಟಿರಬಹುದು. ಡಿಶ್ಶನ್ನು ನಿಧಾನವಾಗಿ, ಒಂದು ಸಲಕ್ಕೆ ಒಂದು ಡಿಗ್ರಿಯಷ್ಟೇ ಸರಿಸಿ. ಮುಳ್ಳು 8 ದಾಟಿದರೆ ಗುಂಡಿಯನ್ನು ಕೆಳಗಿಳಿಸಿ 3ಕ್ಕೆ ತಂದು ಮುಂದುವರಿಯಿರಿ. ಕೆಲಸ ಮುಗಿದ ಮೇಲೆ ಮೀಟರನ್ನು ದಾರಿಯಿಂದ ತೆಗೆದುಬಿಡಿ, ಅಲ್ಲೇ ಬಿಟ್ಟರೆ ಸಿಗ್ನಲ್ಲಿನ ಗುಣಮಟ್ಟ ತಗ್ಗುತ್ತದೆ.

ಡಿಜಿಟಲ್ ಮೀಟರಿಗೆ ಏನು ತುಂಬಬೇಕು?

ಬ್ಯಾಟರಿಯಿಂದ ಓಡುವ ಮೀಟರ್ ಎಲ್‌ಎನ್‌ಬಿಗೆ ತಾನೇ ವಿದ್ಯುತ್ ಕೊಡುತ್ತದೆ. ಎಲ್‌ಎನ್‌ಬಿಯೊಳಗಿನ ಸ್ಥಳೀಯ ಆಂದೋಲಕದ (ಎಲ್‌ಒ) ಆವರ್ತನ 9750/10600 ಎಂದು, ಟ್ರಾನ್ಸ್‌ಪಾಂಡರ್ (ಉಪಗ್ರಹದ ಒಂದು ಪ್ರಸಾರ ಮಾರ್ಗ) 11090, ತರಂಗದ ಕಂಪನದ ದಿಕ್ಕು ವರ್ಟಿಕಲ್, ಸಿಂಬಲ್ ರೇಟ್ (ದತ್ತಾಂಶ ಬರುವ ವೇಗ) 29500 ಎಂದು ತುಂಬಿ. ವರ್ಟಿಕಲ್ ಅಂದರೆ ಎಲ್‌ಎನ್‌ಬಿಗೆ 13 ವೋಲ್ಟ್, ಹಾರಿಜಾಂಟಲ್ ಅಂದರೆ 18. 11700 ಮೆಗಾಹರ್ಟ್ಜ್‌ಗಿಂತ ಕೆಳಗಿರುವುದರಿಂದ ಆಂದೋಲಕವನ್ನು 9750ರಿಂದ 10600ಕ್ಕೆ ಬದಲಿಸುವ 22 ಕಿಲೋಹರ್ಟ್ಜ್ ಟೋನ್ ಬಂದ್ ಇರಬೇಕು. 11090ರಲ್ಲಿ 9750 ಕಳೆದರೆ ಕೇಬಲ್ಲಿನಲ್ಲಿ ಬರುವುದು 1340. ಅದು ಮೀಟರಿನ ವ್ಯಾಪ್ತಿಯೊಳಗಿದೆ. ಟೋನ್ ಆನ್ ಆಗಿದ್ದರೆ 10600 ಕಳೆಯಬೇಕಾಗುತ್ತದೆ, ಉಳಿಯುವುದು 490. ಮೀಟರ್ ಅಲ್ಲಿಗೆ ತಲುಪುವುದೇ ಇಲ್ಲ. ಸಿಗ್ನಲ್ ಮಟ್ಟ ಚೆನ್ನಾಗಿ ತೋರಿಸಿ ಲಾಕ್ ಆಗದಿದ್ದರೆ, ಅಂದರೆ ಮೀಟರ್ ಆ ಪ್ರಸಾರವನ್ನು ಗುರುತು ಹಿಡಿಯದಿದ್ದರೆ, ಮೊದಲು ಈ ಟೋನ್, ಆಮೇಲೆ 13/18, ಆಮೇಲೆ ಸಿಂಬಲ್ ರೇಟ್ ನೋಡಿ. ಮೂರೂ ಸರಿಯಿದ್ದರೆ ಡಿಶ್ ಪಕ್ಕದ ಉಪಗ್ರಹದ ಮೇಲೆ ನಿಂತಿದೆ ಅಂತಲೇ ಲೆಕ್ಕ.

ಲಾಕ್ ಆದ ಮೇಲೆ ಮಟ್ಟವನ್ನು ಮರೆತು, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂದು ಹೇಳುವ ಎಂಇಆರ್ ಅಥವಾ ಸಿ/ಎನ್ ಅಂಕಿಯ ಹಿಂದೆ ಹೋಗಿ. ಎಫ್‌ಇಸಿ (ತಪ್ಪು ತಿದ್ದುವ ಸಂಕೇತದ ಪ್ರಮಾಣ) 3/4 ಇರುವ ಸಾಮಾನ್ಯ ಡಿವಿಬಿ-ಎಸ್ (ಉಪಗ್ರಹ ಟಿವಿಯ ಒಂದು ಮಾದರಿ) ಪ್ರಸಾರ ಸುಮಾರು 7 ಡೆಸಿಬೆಲ್‌ಗೆ (ಡಿಬಿ) ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯಲು ಶುರುವಾಗುತ್ತದೆ. ಬಿಸಿಲಿನ ದಿನ 8 ಇದ್ದು ಚೆನ್ನಾಗಿ ಕಂಡಿತೆಂದು ಬೋಲ್ಟ್ ಬಿಗಿದರೆ ಮುಂಗಾರಿನ ಮೊದಲ ಜೋರು ಮಳೆಗೆ ಟಿವಿ ಕಪ್ಪಾಗುತ್ತದೆ. 11ಕ್ಕಿಂತ ಮೇಲೆ ಸಿಗುವವರೆಗೆ ಬಿಡಬೇಡಿ. ಮಲೆನಾಡು, ಕರಾವಳಿಯಲ್ಲಿ 60ರ ಬದಲು 90 ಸೆಂ.ಮೀ. ಡಿಶ್ ಹಾಕುವುದು ಒಳ್ಳೆಯದು. ಅದರ ನೋಟ ಸುಮಾರು 2 ಡಿಗ್ರಿಗೆ ಕಿರಿದಾಗುವುದರಿಂದ ನೆರೆಯ ಉಪಗ್ರಹಗಳ ಕಾಟವೂ ಕಡಿಮೆ.

ಅತಿ ಹೆಚ್ಚು ಅಂಕಿ ಎಲ್ಲಿ ಬರುತ್ತದೆಂದು ಕಣ್ಣಳತೆಯಲ್ಲಿ ಹುಡುಕಬೇಡಿ, ತುದಿ ಚಪ್ಪಟೆಯಾಗಿರುತ್ತದೆ. ಎಡಕ್ಕೆ ತಿರುಗಿಸಿ 2 ಡಿಬಿ ಇಳಿದ ಜಾಗದಲ್ಲಿ ಕಂಬದ ಮೇಲೆ ಮಾರ್ಕರ್ ಗೆರೆ ಹಾಕಿ, ಬಲಕ್ಕೂ ಹಾಗೇ ಮಾಡಿ, ಎರಡರ ನಡುವೆ ನಿಲ್ಲಿಸಿ. ಎತ್ತರಕ್ಕೂ ಇದೇ ಕ್ರಮ. ಮೀಟರಿನಲ್ಲಿ ಅಂಕಿ ಬದಲಾಗಲು ಒಂದೆರಡು ಸೆಕೆಂಡ್ ಬೇಕು, ಪ್ರತಿ ಸಲ ಕೈ ಬಿಟ್ಟು ಕಾಯಿರಿ. ಕೊನೆಗೆ ಎಲ್‌ಎನ್‌ಬಿಯನ್ನು ಹಿಡಿಕೆಯೊಳಗೆ ಎರಡೂ ಕಡೆ 5 ಡಿಗ್ರಿಯಂತೆ ತಿರುಗಿಸುತ್ತಾ ಹೋಗಿ. ಭೂಮಧ್ಯರೇಖೆಗೆ ಹತ್ತಿರವಿದ್ದು ಉಪಗ್ರಹ ಪಕ್ಕಕ್ಕೆ ಇರುವ ನಮ್ಮಂಥ ಊರುಗಳಲ್ಲಿ ಈ ತಿರುವು ಸಣ್ಣದಾಗಿರಬೇಕೆಂದಿಲ್ಲ. ಕೇಬಲ್ ಬಾಯಿ ನೇರ ಕೆಳಗೇ ಇರಬೇಕೆಂದು ಪಟ್ಟು ಹಿಡಿಯಬೇಡಿ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಅರ್ಧ ಡಿಗ್ರಿಯಾದರೂ ಜರುಗುತ್ತದೆ.

ಕೆಳಗಿಳಿದು ಇನ್ನೊಮ್ಮೆ ಅಳೆಯಿರಿ

ಇದೇ ಅಳತೆಯನ್ನು ಬಾಕ್ಸಿನ ಹತ್ತಿರ ಕೇಬಲ್ ತುದಿಯಲ್ಲಿ ತೆಗೆದುಕೊಳ್ಳಿ. ಮಟ್ಟ 50ರಿಂದ 80 ಡಿಬಿ ಮೈಕ್ರೋವೋಲ್ಟ್ ನಡುವೆ ಇದ್ದರೆ ಸಾಕು. ಮೀಟರ್ ಡಿಬಿಎಂ ಎಂಬ ಇನ್ನೊಂದು ಮಾನದಲ್ಲಿ ತೋರಿಸಿದರೆ ಅದಕ್ಕೆ 109 ಕೂಡಿಸಿ: ಮೈನಸ್ 45 ಡಿಬಿಎಂ ಅಂದರೆ 64. ಒಳ್ಳೆಯ ಆರ್‌ಜಿ-6 ಕೇಬಲ್ಲಿನಲ್ಲಿ 30 ಮೀಟರಿಗೆ 7–8 ಡಿಬಿ ಕಳೆಯುವುದು ಸಹಜ. ಮೇಲೆ 75 ಇದ್ದು ಕೆಳಗೆ 50ಕ್ಕೆ ಬಂದಿದ್ದರೆ ಕೇಬಲ್ಲೋ ನಡುವಿನ ಜೋಡಣೆಯೋ ಕೆಟ್ಟಿದೆ, ಡಿಶ್ಶಿಗೆ ಕೈ ಹಚ್ಚಬೇಡಿ. ಮೀಟರ್ ಎಲ್‌ಎನ್‌ಬಿ ಎಳೆಯುವ ಕರೆಂಟನ್ನೂ ತೋರಿಸಿದರೆ ಅದು 100–200 ಮಿಲಿಆಂಪಿಯರ್ ಆಸುಪಾಸಿನಲ್ಲಿರಬೇಕು. ಸೊನ್ನೆ ಬಂದರೆ ತಂತಿ ಕಡಿದಿದೆ, ವಿಪರೀತ ಹೆಚ್ಚು ಬಂದರೆ ಶಾರ್ಟ್ ಅಥವಾ ನೀರು ನುಗ್ಗಿದ ಎಲ್‌ಎನ್‌ಬಿ.

ಕನೆಕ್ಟರಿಗೆ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಎಲ್‌ಎನ್‌ಬಿಯ ಕೆಳಗೆ ಒಂದು ಸುತ್ತು ಇಳಿಬಿಟ್ಟು ಕಟ್ಟಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಕೆಲವು ದಿನ ಬೆಳಗ್ಗೆ 11ರ ಹೊತ್ತಿಗೆ ಕೆಲ ನಿಮಿಷ ಎಂಇಆರ್ ಕುಸಿದರೆ ಸ್ಪ್ಯಾನರ್ ಹಿಡಿದು ತಾರಸಿಗೆ ಓಡಬೇಡಿ. ಸೂರ್ಯ ಆಗ ಉಪಗ್ರಹದ ಹಿಂದೆಯೇ ಹಾದುಹೋಗುತ್ತಿರುತ್ತಾನೆ.